ಗಂಜಿ ಹಾಕದ ಕಂಬಳಿ

ಉಮೆಯೊ, ಸ್ವೀಡನ್
೨೨ ಅಕ್ಟೋಬರ್ ೨೦೨೩

ಪ್ರೀತಿಯ ಗೋವರ್ಧನಣ್ಣನಿಗೆ,

ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀಯ, ಅಂಗಡಿಯ ಅಕ್ಕಪಕ್ಕದವರೆಲ್ಲ ಕಿವಿಗೊಡುತ್ತಾರೆ, ಸಂಜೆ ಹೊತ್ತಿಗೆ ಜವನಗೊಂಡನಹಳ್ಳಿಯಲ್ಲಿ ಅವ್ವನಿಗೆ ಸುದ್ದಿ ಮುಟ್ಟಿರುತ್ತದೆ. ಈ ಸುದ್ದಿ ಅವ್ವನಿಗೆ ಮುಟ್ಟಕೂಡದು. ನಾನು ಇಲ್ಲಿಗೆ ಬಂದಾಗಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇದನ್ನು ಕೇಳಿದರೆ ‘ನಾನು ಹೇಳ್ಲಿಲ್ವಾ’ ಎನ್ನುವುದಕ್ಕಾದರೂ ಬಾಯಿ ಬಿಟ್ಟಾಳು. ಆ ಮಾತು ನನಗೆ ಬೇಡ.

ನನ್ನನ್ನು ವಾಪಸ್ ಕಳಿಸಿದರು, ಅಣ್ಣ.

ನನ್ನ ಓದು ಇಲ್ಲಿನ ಜೌಗು ನೆಲದ ಮೇಲೆ ಎಂದು ನಿನಗೆ ಗೊತ್ತು. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ಉತ್ತರದ ಬೆಟ್ಟಗಳಲ್ಲಿ ಹತ್ತು ಹನ್ನೆರಡು ದಿನ ನಡೆದು, ಆ ನೆಲದ ಮಣ್ಣು ನೀರು ಅಳೆದು ತರಬೇಕು. ರಸ್ತೆ ಇಲ್ಲ. ಡೇರೆ, ಊಟ, ಹಾಸಿಗೆ, ಉಪಕರಣ ಎಲ್ಲ ಬೆನ್ನ ಮೇಲೆ. ಮೊನ್ನೆ ಆಗಸ್ಟಿನಲ್ಲಿ ಮೊದಲ ಬಾರಿ ಹೋದೆ. ಎರಡನೇ ಸಂಜೆ ಡೇರೆಗೆ ಜಾಗ ಹುಡುಕುವಾಗ ಒಂದು ಕಡೆ ನೆಲ ಸಮತಟ್ಟು, ಮೆತ್ತಗೆ, ಹಸುರೋ ಹಸುರು. ನಮ್ಮ ಕಡೆಯ ಕಣ್ಣಲ್ಲವೇ, ಹಸುರು ಕಂಡಲ್ಲಿ ಬೀಡು ಬಿಡುವುದೇ ರೂಢಿ. ಅವ್ವನೂ ಕುರಿ ಹೊಡೆದುಕೊಂಡು ಹೋದಾಗ ಮಂದೆ ನಿಲ್ಲಿಸುತ್ತಿದ್ದುದು ಹಾಗೆಯೇ. ‘ಇಂಥಾ ಜಾಗ ಬಿಟ್ಟು ಇವರೆಲ್ಲ ಕಲ್ಲು ದಿಬ್ಬ ಹತ್ತುತ್ತಾರಲ್ಲ’ ಎಂದು ಒಳಗೊಳಗೇ ನಕ್ಕು ಗೂಟ ಹೊಡೆದೆ.

ಅದು ನೆಲವೇ ಅಲ್ಲ, ನೀರಿನ ಮೇಲೆ ಬೆಳೆದ ಪಾಚಿ! ಬೆಳಿಗ್ಗೆ ಎದ್ದಾಗ ಹಾಸಿಗೆ, ಬಟ್ಟೆ, ಹಿಟ್ಟು ಎಲ್ಲ ನೆನೆದು ಮುದ್ದೆ. ಮೇಲಿಂದ ಮಳೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಪೆನ್ಸಿಲ್ ಹಿಡಿಯಲಾರದಷ್ಟು ನಡುಗುತ್ತಿತ್ತು. ನಮ್ಮ ತಂಡದ ಮುಖ್ಯಸ್ಥೆ ಇಂಗ್ರಿಡ್ ನನ್ನ ಮುಖ ನೋಡಿದವಳೇ ಇನ್ನೊಬ್ಬ ವಿದ್ಯಾರ್ಥಿಯನ್ನು ಜೊತೆ ಮಾಡಿ ರಸ್ತೆಗೆ ಕಳಿಸಿದಳು. ನನ್ನಿಂದ ಅವನ ಕೆಲಸವೂ ಹಾಳಾಯಿತು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ.

ಈಗ ಇಂಗ್ರಿಡ್ ಹೇಳಿದ್ದು ಇಷ್ಟು. ಬರುವ ಜೂನ್‌ನಲ್ಲಿ ಮೂರು ರಾತ್ರಿಯ ಪರೀಕ್ಷೆಯ ನಡಿಗೆ. ಅದರಲ್ಲಿ ನಾನು ಬೆಚ್ಚಗಿದ್ದು, ಸಾಮಾನು ಒಣಗಿಯೇ ಇದ್ದು, ನನ್ನ ಭಾರ ನಾನೇ ಹೊತ್ತರೆ ಆಗಸ್ಟಿಗೆ ತಂಡದಲ್ಲಿ ಜಾಗ. ಇಲ್ಲವಾದರೆ ಬೇರೆ ವಿಷಯ ಹುಡುಕಿಕೊಳ್ಳಬೇಕು, ಎಂದರೆ ಇಲ್ಲಿಯವರೆಗೆ ಓದಿದ್ದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ.

ಸಾಮಾನು ಕೊಂಡುಕೊಳ್ಳಬಹುದಲ್ಲ ಎನ್ನಬೇಡ. ಇಲ್ಲಿನ ಅಂಗಡಿಯ ಬ್ಯಾಗಿನ ಸೊಂಟದ ಪಟ್ಟಿ ನನಗೆ ತೊಡೆಗೆ ಬರುತ್ತದೆ. ಮಳೆ ಕೋಟಿನ ತೋಳಿನೊಳಗೆ ಕೈ ಹುಡುಕಬೇಕು. ಅಂಗಡಿಯವಳು ನಗುನಗುತ್ತಾ ಮಕ್ಕಳ ವಿಭಾಗ ತೋರಿಸಿದಳು. ಮಕ್ಕಳ ಬ್ಯಾಗು ಇಷ್ಟು ಭಾರ ಹೊರಲು ಹೊಲಿದದ್ದಲ್ಲ. ನೀನು ಲಾರಿ ಟಾರ್ಪಾಲ್ ಹೊಲಿಯುವವನು, ಶಾಲೆ ಬ್ಯಾಗು ಹೊಲಿಯುವವನು. ನನ್ನ ಅಳತೆಗೆ ಹೊಲಿದುಕೊಡುತ್ತೀಯಾ?

ನಿನ್ನ ತಂಗಿ,
ಮಾನಸ


ಚಿತ್ರದುರ್ಗ
೧೬ ನವೆಂಬರ್ ೨೦೨೩

ಲೇ ಮಾನಸಾ,

ದೀಪಾವಳಿ ಹಬ್ಬದ ನಡುವೆ ನಿನ್ನ ಕಾಗದ ಬಂತು. ಕುರಿ ಕಾಯುವವರ ಮನೆ ಹುಡುಗಿ ಪಾಚಿ ಮೇಲೆ ಗೂಟ ಹೊಡೆದಳು ಎಂದು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಕೈ ನಡುಗಿದ್ದು ಓದಿದೆ. ಆಮೇಲೆ ನಗಲಿಲ್ಲ.

ಅವ್ವ ಹಬ್ಬಕ್ಕೆ ಬಂದವಳು ಎದುರಿಗೇ ಕೂತಿದ್ದಳು. “ಯಾರ್ದಲೇ ಕಾಗ್ದ?” ಎಂದಳು. “ಟಾರ್ಪಾಲ್ ಕಂಪ್ನಿದು” ಎಂದೆ. “ಕಂಪ್ನಿಯೋರು ಕೈಯಾಗ ಬರೀತಾರಾ?” ಎಂದು ನನ್ನನ್ನೇ ನೋಡಿದಳು. ಈ ಹೆಂಗಸಿನ ಮುಂದೆ ಸುಳ್ಳು ಹೇಳುವುದು ನನ್ನಿಂದಾಗದ ಕೆಲಸ, ನಿನ್ನ ಸಲುವಾಗಿ ಮಾಡುತ್ತಿದ್ದೇನೆ, ಲೆಕ್ಕ ಇಟ್ಟುಕೋ.

ಅವಳ ಸಿಟ್ಟು ಇಳಿದಿಲ್ಲ. ನಿನ್ನ ಹೆಸರು ಎತ್ತಿದರೆ ಅದೇ ಮಾತು. “ನಿಮ್ಮಪ್ಪ ಹೋದ್ಮ್ಯಾಲೆ ಕುರಿ ಹಿಂದೆ ಬಯಲಾಗ ಮಲಗಿ ಮಲಗಿ ನನ್ ಸೊಂಟ ಹೋತು. ಮಗಳಾದ್ರೂ ತಾರಸಿ ಕೆಳಗೆ ಮಲಗ್ಲಿ ಅಂತ ಓದಿಸ್ದೆ. ಓದಿ ಓದಿ ಮತ್ತೆ ಬಯಲಿಗೇ ಹೋದ್ಲು. ಅದೂ ಕೆಸರಿಗೆ!”

ಇರಲಿ. ನನ್ನ ತಂಗಿಯನ್ನು ಮಕ್ಕಳ ವಿಭಾಗಕ್ಕೆ ಕಳಿಸಿದರೆಂದರೆ ನನ್ನ ಮೆಷಿನ್ ಸುಮ್ಮನಿರುತ್ತದೆಯೇ? ಈ ಪಾರ್ಸಲ್‌ನಲ್ಲಿ ಮಳೆ ಕೋಟು ಇಟ್ಟಿದ್ದೇನೆ. ಮಳೆಗಾಲದಲ್ಲಿ ಘಾಟಿ ಇಳಿಯುವ ಲಾರಿಗೆ ಹಾಕುವ ಟಾರ್ಪಾಲ್, ಒಂದು ಹನಿ ಒಳಗೆ ಬಿಡದ ಮಾಲು. ಹೊಲಿಗೆ ಮೇಲೆ ಪಟ್ಟಿ ಇಟ್ಟು ಕಾಯಿಸಿ ಅಂಟಿಸಿದ್ದೇನೆ, ಏಕೆಂದರೆ ನೀರು ಬಟ್ಟೆಯಿಂದ ನುಗ್ಗುವುದಿಲ್ಲ, ಸೂಜಿ ತೂತಿನಿಂದ ನುಗ್ಗುತ್ತದೆ. ನಿನ್ನ ಅತ್ತಿಗೆ ಯಶೋದಾಗೆ ತೊಡಿಸಿ ನಲ್ಲಿ ಕೆಳಗೆ ನಿಲ್ಲಿಸಿದೆ. ನೀರು ಒಳಗೆ ಹೋಗಲಿಲ್ಲ, ಬೈಗುಳ ಮಾತ್ರ ಹೊರಗೆ ಬಂತು. ಸ್ವೀಡನ್ ಮಳೆ ಇನ್ನು ನಿನ್ನ ತಂಟೆಗೆ ಬರುವುದಿಲ್ಲ, ಬರೆದಿಟ್ಟುಕೋ.

ನಿನ್ನಣ್ಣ,
ಗೋವರ್ಧನ


ಉಮೆಯೊ
೧೪ ಜನವರಿ ೨೦೨೪

ಪ್ರೀತಿಯ ಅಣ್ಣನಿಗೆ,

ಸಿಟ್ಟಾಗಬೇಡ. ಕೋಟು ತೊಟ್ಟು ಬೆನ್ನಿಗೆ ಭಾರ ಹಾಕಿಕೊಂಡು ಹಿಮದಲ್ಲಿ ಒಂದು ಮಧ್ಯಾಹ್ನ ನಡೆದೆ. ಹೊರಗಿನ ನೀರು ಒಳಗೆ ಬರಲಿಲ್ಲ, ನಿಜ. ಒಳಗಿನ ಬೆವರೂ ಹೊರಗೆ ಹೋಗಲಿಲ್ಲ. ಮನೆಗೆ ಬಂದು ಬಿಚ್ಚಿದಾಗ ಅಂಗಿ ಹಿಂಡಿದರೆ ನೀರು ಸುರಿಯುವಂತಿತ್ತು, ನಿಂತ ಕೂಡಲೇ ಆ ಬೆವರೇ ಕೊರೆಯಲು ಶುರು. ಲಾರಿ ಬೆವರುವುದಿಲ್ಲ ಅಣ್ಣ, ನಾನು ಬೆವರುತ್ತೇನೆ.

ತಪ್ಪು ನನ್ನದೇ, ಇಲ್ಲಿನ ಒದ್ದೆ ಎಂಥದೆಂದು ನಿನಗೆ ಹೇಳಲಿಲ್ಲ. ನಮ್ಮಲ್ಲಿ ಮಳೆ ಬಂದು ಹೊಡೆದು ಹೋಗುತ್ತದೆ, ಹಿಂದೆಯೇ ಬಿಸಿಲು ಬರುತ್ತದೆ, ತಂತಿ ಮೇಲೆ ಹಾಕಿದ ಪಂಚೆ ಗಳಿಗೆಯಲ್ಲಿ ಗರಿಗರಿ. ಇಲ್ಲಿ ಜಿನುಗುತ್ತಲೇ ಇರುತ್ತದೆ. ನೆಲ ಒದ್ದೆ, ಗಾಳಿ ಒದ್ದೆ, ಬೆಳಿಗ್ಗೆ ಡೇರೆಯ ಒಳಮೈಯಲ್ಲಿ ನಮ್ಮ ಉಸಿರೇ ಹನಿಗಟ್ಟಿರುತ್ತದೆ. ಒಮ್ಮೆ ನೆನೆದದ್ದು ವಾಪಸ್ ಬರುವವರೆಗೂ ಒಣಗುವುದಿಲ್ಲ. ನೆಲವೂ ಒಂದೇ ಥರ ಅಲ್ಲ. ಬೆಳಿಗ್ಗೆ ಪೈನ್ ಕಾಡಿನ ಬೇರುಗಳ ಮೇಲೆ ಎಡವುತ್ತಾ ನಡೆದರೆ, ಮಧ್ಯಾಹ್ನ ಮೊಣಕಾಲವರೆಗೆ ಜೌಗು, ಸಂಜೆಗೆ ಮರವೇ ಇಲ್ಲದ ಕಲ್ಲು ಬೆಟ್ಟ, ಅಲ್ಲಿ ಗಾಳಿ ಕಿತ್ತುಕೊಂಡು ಹೋಗುತ್ತದೆ.

ಅದಕ್ಕೇ ಒಂದೊಂದನ್ನೂ ಅಳೆದು ಸುರಿದು ಆರಿಸುತ್ತಿದ್ದೇನೆ. ಕಾಲಿಗೆ ಚರ್ಮದ ಬೂಟು ಬಿಟ್ಟು ಮೊಣಕಾಲುದ್ದದ ರಬ್ಬರ್ ಗಮ್ ಬೂಟು ತಂದೆ. ಚರ್ಮ ಬೆಟ್ಟಕ್ಕೆ ಒಳ್ಳೆಯದು, ಆದರೆ ಜೌಗಿನಲ್ಲಿ ಒಮ್ಮೆ ನೀರು ಕುಡಿದರೆ ಕಥೆ ಮುಗಿಯಿತು. ಮಲಗುವ ಚೀಲ ಹಕ್ಕಿ ಪುಕ್ಕದ್ದು ಹಗುರ, ಬೆಚ್ಚಗೆ. ಆದರೆ ಪುಕ್ಕ ಒದ್ದೆಯಾದರೆ ಗಂಟುಗಂಟು. ಭಾರವಾದರೂ ಸರಿ ಎಂದು ಸಿಂಥೆಟಿಕ್ ಎಳೆ ತುಂಬಿದ್ದನ್ನು ಕೊಂಡೆ. ಡೇರೆ ಎರಡು ಪದರದ್ದು. ಹತ್ತಿ ಬಟ್ಟೆ ಎಂಬುದು ಒಂದೂ ಇಲ್ಲ, ಒಳ ಅಂಗಿಯೂ ಉಣ್ಣೆಯದೇ. ಮಳೆ ಕೋಟು ಬೆವರು ಬಿಡುವಂಥದು ಇಲ್ಲಿಯದೇ ಕೊಂಡೆ, ತೋಳು ಮಡಿಚಿ ಹೊಲಿದುಕೊಂಡೆ. ಆ ಹೊಲಿಗೆ ನೋಡಿದರೆ ನೀನು ನನ್ನನ್ನು ತಂಗಿ ಎನ್ನುವುದಿಲ್ಲ.

ಇನ್ನು ಬೇಕಾದದ್ದು ಎರಡು. ಬ್ಯಾಗು, ಅದು ನಿನ್ನ ಕೈಯದೇ ಆಗಬೇಕು. ಕತ್ತಿನ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳತೆ ತೆಗೆದು ಇದರಲ್ಲಿ ದಾರ ಇಟ್ಟಿದ್ದೇನೆ. ಭಾರ ಹೆಗಲಿಗಲ್ಲ, ಸೊಂಟಕ್ಕೆ ಕೂರಬೇಕು. ಇನ್ನೊಂದು, ಒಳಗಂಗಿಗೂ ಕೋಟಿಗೂ ನಡುವೆ ತೊಡಲು, ನೆನೆದರೂ ಬೆಚ್ಚಗಿಡುವ ಏನಾದರೂ. ಅಂಗಡಿಯವು ಎಲ್ಲ ಮಂಡಿಗೆ ಇಳಿಯುತ್ತವೆ.

ಮಾನಸ


ಚಿತ್ರದುರ್ಗ
೧೧ ಫೆಬ್ರವರಿ ೨೦೨೪

ಮಾನಸಾ,

ಲಾರಿ ಬೆವರುವುದಿಲ್ಲವಂತೆ! ಎಷ್ಟು ಕೊಬ್ಬು ನಿನಗೆ. ಕಾಗದ ಹರಿದು ಬಿಸಾಕೋಣ ಎನ್ನಿಸಿತು. ಯಶೋದಾ ಮಾತ್ರ “ಅವತ್ತೇ ನಂಗೂ ಹಂಗೇ ಆತು, ನೀವು ಕೇಳ್ಬೇಕಲ್ಲ” ಎಂದಳು. ಇಬ್ಬರೂ ಒಂದಾದಿರಿ, ನನ್ನ ಮಾತು ಎಲ್ಲಿ ನಡೆಯುತ್ತದೆ?

ಭಾರ ಸೊಂಟಕ್ಕೆ ಕೂರಬೇಕು ಎಂದದ್ದನ್ನೂ ನಾನು ಒಪ್ಪಿರಲಿಲ್ಲ. ಹಮಾಲರೆಲ್ಲ ಬೆನ್ನ ಮೇಲೆ ಹೊರುವವರೇ, ಇವಳೇನು ಹೊಸದು ಹೇಳುವುದು ಎಂದುಕೊಂಡು, ಹಳೇ ಶಾಲೆ ಬ್ಯಾಗಿಗೆ ಅಕ್ಕಿ ತುಂಬಿ ಕೋಟೆ ಹತ್ತಿದೆ. ಟಿಕೆಟ್ ಕೊಡುವವನು “ಏನಣ್ಣೋ, ಮನೆ ಬಿಟ್ಟು ಬಂದ್ಬಿಟ್ಟ್ಯಾ?” ಎಂದ. ಅರ್ಧಕ್ಕೇ ಹೆಗಲು ಕಿತ್ತು ಬಂತು. ಮರುದಿನ ಸೊಂಟಕ್ಕೆ ಸ್ಪಂಜಿನ ಪಟ್ಟಿ ಹೊಲಿದು, ಬಿಗಿದು, ಮತ್ತೆ ಹತ್ತಿದೆ. ಮೇಲಿನವರೆಗೆ ಹೋಗಿ ಬಂದೆ. ಒಪ್ಪಿದೆ ತಾಯಿ, ನೀನೇ ಸರಿ.

ಆ ಬ್ಯಾಗು ಈಗ ನಿನಗೆ ಬರುತ್ತಿದೆ. ಎರಡು ಸಲ ಬಿಚ್ಚಿ ಹೊಲಿದದ್ದು. ಬಾಯಿ ಮೂರು ಸುತ್ತು ಸುರುಳಿ ಸುತ್ತಿ ಕೊಕ್ಕೆ ಹಾಕಬೇಕು. ಒಳಗೆ ಹಾಸಿಗೆಗೆ ಬೇರೆ, ಬಟ್ಟೆಗೆ ಬೇರೆ ಚೀಲ, ಒಂದಕ್ಕೆ ನೀರು ಹೋದರೂ ಇನ್ನೊಂದಕ್ಕೆ ಹೋಗದು. ಹೊಲಿಗೆಯನ್ನೆಲ್ಲ ಒಳಗಿನಿಂದ ಅಂಟಿಸಿದ್ದೇನೆ. ಟಾರ್ಪಾಲ್ ಬ್ಯಾಗಿಗಾದರೂ ಆಗುತ್ತದಲ್ಲ, ಬ್ಯಾಗು ಬೆವರುವುದಿಲ್ಲ ತಾನೇ?

ಬೆಚ್ಚಗಿನದಕ್ಕೆ ನಾನು ಯೋಚನೆ ಮಾಡಲೇ ಇಲ್ಲ. ಹೊಸದುರ್ಗದ ಕಡೆ ಪಾಲಯ್ಯ ಎಂದು ಕಂಬಳಿ ನೇಯುವವರಿದ್ದಾರೆ, ಅವ್ವನ ಉಣ್ಣೆಯೆಲ್ಲ ಹೋಗುವುದು ಅವರಿಗೇ. ಅವರಿಂದ ಹೊಸ ಕರಿ ಕಂಬಳಿ ತಂದು ಬ್ಯಾಗಿನಲ್ಲಿ ಮಡಿಸಿ ಇಟ್ಟಿದ್ದೇನೆ. ತಟ್ಟಿದರೆ ಹಲಗೆ ಥರ ಸದ್ದು ಬರುತ್ತದೆ, ಅಷ್ಟು ಗಟ್ಟಿ. ಮಳೆಯಲ್ಲಿ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾದವರ ವಂಶ ನಮ್ಮದು, ಇದನ್ನೂ ಬೇಡ ಎನ್ನುತ್ತೀಯಾ ನೋಡೋಣ.

ಗೋವರ್ಧನ


ಉಮೆಯೊ
೭ ಏಪ್ರಿಲ್ ೨೦೨೪

ಅಣ್ಣಾ,

ಬ್ಯಾಗಿಗೆ ಮೊದಲು ನಮಸ್ಕಾರ. ತೊಟ್ಟ ಕೂಡಲೇ ಭಾರ ಎಲ್ಲಿ ಹೋಯಿತು ಎಂದು ತಿರುಗಿ ನೋಡಿದೆ. ನೀರು ತುಂಬಿದ ತೊಟ್ಟಿಯಲ್ಲಿ ಅದ್ದಿ ಹಿಡಿದೆ, ಒಳಗಿಟ್ಟ ಕಾಗದ ಹಾಗೇ ಬೆಳ್ಳಗೆ. ನನ್ನ ಜೊತೆಗಾರರು ಸರತಿಯಲ್ಲಿ ನಿಂತು ಹೊತ್ತು ನೋಡಿದರು. ಅವರಿಗೆ ಅದು ಎದೆಗೇ ಮುಗಿದುಹೋಗುತ್ತದೆ. ಆಹಾ, ಆ ಸಂತೋಷ!

ಇನ್ನು ಕಂಬಳಿ. ನಗಬೇಡ. ಹಿಮ ಕರಗುವ ಹೊತ್ತಿನಲ್ಲಿ ಊರ ಹೊರಗಿನ ಕಾಡಿನಲ್ಲಿ ಎರಡು ರಾತ್ರಿ ಮಲಗಿ ಅಭ್ಯಾಸ ಮಾಡಿದೆ. ಮೊದಲ ದಿನ ಕಂಬಳಿ ಮೇಲೆ ಹನಿ ಜಾರಿ ಹೋಗುತ್ತಿತ್ತು. ಎರಡನೇ ದಿನಕ್ಕೆ ಕೈಗೆ ಅಂಟು. ಮೂರನೇ ಬೆಳಿಗ್ಗೆ ನೋಡಿದರೆ ಮೈಯೆಲ್ಲ ಲೋಳೆ, ಕೂದಲಿಗೆ, ಡೇರೆಗೆ, ಊಟದ ಪಾತ್ರೆಗೆ. ಹುಳಿ ವಾಸನೆ ಬೇರೆ. ನಾವಿಬ್ಬರೂ ಮರೆತೆವಲ್ಲ, ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದಿರುತ್ತಾರೆ! ನಮ್ಮಲ್ಲಿ ಒಂದು ಮಳೆಗೆ ನೆನೆದು ಮರುದಿನದ ಬಿಸಿಲಿಗೆ ಒಣಗಿ ಮತ್ತೆ ಗಟ್ಟಿಯಾಗುತ್ತದೆ. ಇಲ್ಲಿ ಬಿಸಿಲೆಲ್ಲಿ? ಅದು ನೆನೆದು ನೆನೆದು ಅಂಟಿನ ಮಡಕೆ ಆಯಿತು. ಕೋಣೆಗೆ ತಂದರೆ ಪಕ್ಕದ ಕೋಣೆಯವಳು ಬಾಗಿಲು ತಟ್ಟಿ ಇಲಿ ಸತ್ತಿದೆಯೇ ಎಂದು ಕೇಳಿದಳು.

ಅಳು ಬಂತು. ಆಮೇಲೆ ಸಿಟ್ಟು ಬಂತು. ಬಿಸಿನೀರಿನಲ್ಲಿ ಹಾಕಿ ತುಳಿದೆ, ಗಂಜಿಯೆಲ್ಲ ಬಿಟ್ಟುಹೋಗುವವರೆಗೆ ತುಳಿದೆ. ಕೊನೆಗೆ ಹಿಂಡಿ, ಇನ್ನೂ ಒದ್ದೆ ಇರುವಾಗಲೇ ಸುಮ್ಮನೆ ಹೊದ್ದು ಕೂತೆ. ಅಣ್ಣಾ, ಬೆಚ್ಚಗಾಯಿತು. ಒದ್ದೆ ಕಂಬಳಿ ಬೆಚ್ಚಗಾಯಿತು! ಅಂಗಡಿಯ ಬಟ್ಟೆ ಯಾವುದೂ ಹೀಗೆ ಮಾಡಿರಲಿಲ್ಲ. ಗಂಜಿ ಹೋದ ಉಣ್ಣೆಯೇ ನನಗೆ ಬೇಕಾದದ್ದು.

ಆದರೆ ಇಡೀ ಕಂಬಳಿ ಹೊತ್ತು ನಡೆಯಲಾರೆ, ನೆನೆದರೆ ಒಂದು ಕುರಿಮರಿಯಷ್ಟು ತೂಕ. ಕತ್ತರಿಸಿ ತೋಳಿಲ್ಲದ ಅಂಗಿ ಹೊಲಿದರೆ ಸರಿಹೋಗುತ್ತದೆ. ನಾನು ಕತ್ತರಿಸಿದರೆ ಅಂಚಿನ ಎಳೆಯೆಲ್ಲ ಬಿಚ್ಚಿಕೊಳ್ಳುತ್ತದೆ, ನೀನೇ ಹೊಲಿದು ಕಳಿಸು. ಜೂನ್ ಹತ್ತಿರ ಬಂತು. ಇದೊಂದು ಆದರೆ ನಾನು ಗೆದ್ದೆ.

ಮಾನಸ


ಚಿತ್ರದುರ್ಗ
೫ ಮೇ ೨೦೨೪

ಮಾನಸಾ,

ಅವ್ವನಿಗೆ ಗೊತ್ತಾಯಿತು. ಕುಳಿತುಕೊಂಡು ಓದು.

ಪಾಲಯ್ಯನವರಿಂದ ಇನ್ನೊಂದು ಕಂಬಳಿ ತಂದು, ಬಿಸಿನೀರಿನಲ್ಲಿ ಗಂಜಿ ಬಿಡಿಸಿ, ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕತ್ತರಿ ಇಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅವ್ವ. ಕಣ್ಣಿನ ಆಸ್ಪತ್ರೆಗೆಂದು ಹಿರಿಯೂರಿನಿಂದ ಬಸ್ ಹತ್ತಿ ಬಂದಿದ್ದಳಂತೆ. ಕಣ್ಣಿಗೇನೂ ಆಗಿಲ್ಲ, ನನ್ನ ಕೈಯ ಕತ್ತರಿ ರಸ್ತೆಯಿಂದಲೇ ಕಂಡಿತ್ತು.

“ಏನ್ಲೇ ಮಾಡ್ತೀಯಾ?”

“ಏನಿಲ್ಲವ್ವ, ಅಂಗಿ...”

“ಕಂಬ್ಳಿಗೆ ಕತ್ರಿ ಹಾಕ್ತೀಯೇನೋ! ದ್ಯಾವ್ರು ಕುಂಡ್ರೋ ಗದ್ದಿಗಿ ಅದು. ಮದ್ವೆ ಗಂಡು ಹೆಣ್ಣು ಕುಂಡ್ರೋದು ಅದ್ರ ಮ್ಯಾಲೆ. ನಿನ್ ಮದ್ವೇಲಿ ನೀನು ಕುಂತಿದ್ದು ಯಾತರ ಮ್ಯಾಲೆ? ನಮ್ ಮನ್ಯಾಗ ಯಾವನಾದ್ರೂ ಕಂಬ್ಳಿ ಕತ್ತರ್ಸಿದ್ದು ಕಂಡೀಯಾ?”

ಕತ್ತರಿ ಕೆಳಗಿಟ್ಟೆ. ನನಗೆ ಇದು ಹೊಳೆದಿರಲೇ ಇಲ್ಲ ಎನ್ನಲಾರೆ, ಹೊಳೆದಿತ್ತು, ಅವ್ವ ಹಳ್ಳಿಯಲ್ಲಿದ್ದಾಳಲ್ಲ ಎಂಬ ಧೈರ್ಯ. ಯಾರಿಗೆ ಅಂಗಿ ಎಂದು ಕೇಳಿದಳು. ನಿನಗೆ ಎಂದೆ. ಯಾಕೆ ಎಂದಳು. ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ. ಪಾಚಿ, ಚಳಿ, ವಾಪಸ್ ಕಳಿಸಿದ್ದು, ಗಂಜಿ ಲೋಳೆಯಾದದ್ದು, ಜೂನ್ ಪರೀಕ್ಷೆ, ಎಲ್ಲ ಹೇಳಿಬಿಟ್ಟೆ. ‘ನಾನು ಹೇಳ್ಲಿಲ್ವಾ’ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ.

ಬರಲಿಲ್ಲ. ಕತ್ತರಿಯನ್ನು ದೂರ ಸರಿಸಿ ಕಂಬಳಿ ಮಡಿಸಿಟ್ಟಳು. ಆಮೇಲೆ, “ವಾಪಸ್ ಕಳ್ಸಿದ್ರಾ?” ಎಂದಳು. “ಯಾರ್ನ? ನನ್ ಮಗಳ್ನಾ? ಯಾವಳ್ಲೇ ಅವ್ಳು ವಾಪಸ್ ಕಳ್ಸಿದ್ದು?”

ಇಂಗ್ರಿಡ್ ಒಳ್ಳೆಯವಳು, ಜೀವ ಉಳಿಸಿದಳು ಎಂದು ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. “ಹೋಗ್ಬ್ಯಾಡ ಅನ್ನಾಕೆ ನಾನಿದೀನಿ. ಬ್ಯಾರೇರು ಯಾರವ್ರು ಬ್ಯಾಡ ಅನ್ನಾಕೆ? ಏಳು, ಹೊಸದುರ್ಗಕ್ಕೆ ಹೋಗಾಣ.” ಅಂಗಡಿ ಮುಚ್ಚಿಸಿದಳು! ಊಟವೂ ಇಲ್ಲ. ದಾರಿಯಲ್ಲಿ ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ನಾನು ಮಂಡಕ್ಕಿ ತಿನ್ನುತ್ತಿದ್ದರೆ ಅದಕ್ಕೂ ಬೈದಳು.

ಪಾಲಯ್ಯನವರ ಮಗ್ಗದ ಮುಂದೆ ಕೂತು ಹೇಳಿದಳು, ಚಿಕ್ಕದು ನೇಯಬೇಕು, ಮಗಳ ಮೈಯಳತೆಗೆ. ಕತ್ತರಿ ಮುಟ್ಟಿಸುವಂತಿಲ್ಲ. ಕಂಬಳಿ ಹೇಗೂ ಎರಡು ಪಟ್ಟಿ ನೇಯ್ದು ನಡುವೆ ಹೊಲಿಯುವುದಲ್ಲವೇ, ಆ ನಡು ಹೊಲಿಗೆಯಲ್ಲಿ ತಲೆ ತೂರುವಷ್ಟು ಜಾಗ ಹೊಲಿಯದೆ ಬಿಟ್ಟರೆ ಕತ್ತಾಯಿತು. ಎರಡು ಬದಿ ಹೊಲಿದು ತೋಳಿಗೆ ಬಿಟ್ಟರೆ ಅಂಗಿಯಾಯಿತು. ನೋಡು, ಮೂವತ್ತು ವರ್ಷದಿಂದ ಕತ್ತರಿ ಹಿಡಿದಿರುವ ನನಗೆ ಇದು ತೋಚಲಿಲ್ಲ, ಕತ್ತರಿ ಬೇಡ ಎಂದವಳಿಗೆ ತೋಚಿತು.

ಅದಕ್ಕೆ ಪಾಲಯ್ಯ ಒಪ್ಪಿದರು. ಗಂಜಿ ಹಾಕಬಾರದು ಎಂದದ್ದಕ್ಕೆ ಮಾತ್ರ ಸಿಟ್ಟಿಗೆದ್ದು ಕುಣಿದರು. “ಗಂಜಿ ಇಲ್ದಿದ್ರೆ ಕಂಬ್ಳಿ ಅನ್ನಾಕಾಗಲ್ಲ ಚಿತ್ತಮ್ಮ. ನಾಳೆ ಜೋಲಾಡಿದ್ರೆ ಪಾಲಯ್ಯ ಕೆಟ್ಟ ಕೆಲ್ಸ ಮಾಡ್ದ ಅಂತಾರೆ. ನಂಗೆ ಕೆಟ್ಟ ಹೆಸ್ರು ಬ್ಯಾಡ.”

“ನಿಮ್ ಹೆಸ್ರು ಸ್ವೀಡನ್‌ನಾಗ ಯಾರಿಗ್ ಗೊತ್ತೈತೆ?” ಎಂದಳು ಅವ್ವ. “ಗಂಜಿ ಹಾಕಿದ್ರೆ ನನ್ ಮಗಳು ಸೋಲ್ತಾಳೆ. ನೀವು ನೇಯ್ರಿ, ನಾನು ಇಲ್ಲೇ ಕುಂತ್ಕಂತೀನಿ.”

ಕುಳಿತಳು. ಅದೂ ಈ ವರ್ಷದ ಮರಿಗಳ ಮೊದಲ ಉಣ್ಣೆ, ಮೆತ್ತಗಿನದು, ಮರುದಿನ ಊರಿಂದ ತರಿಸಿ ತಾನೇ ಕೂತು ಕಸ ಆರಿಸಿಕೊಟ್ಟಳು. ನೂಲು ಅವರ ಮನೆಯವರು ನೂತರು. ಮುಗಿಯುವವರೆಗೂ ಅವರ ಮನೆಯಲ್ಲೇ ಇದ್ದಳು. ಪಾಲಯ್ಯ ಗಂಜಿ ಪಾತ್ರೆ ಕಡೆ ಕಣ್ಣು ಹಾಯಿಸಿದರೂ ಸಾಕು, ಇವಳು ಕೆಮ್ಮುತ್ತಿದ್ದಳಂತೆ.

ಬದಿ ಹೊಲಿಗೆ ನಾನು ಹಾಕಿದ್ದೇನೆ, ಉಣ್ಣೆ ದಾರದಲ್ಲೇ. ಅಂಗಿ ಇದರೊಂದಿಗಿದೆ. ಅವ್ವ ನಿನಗೆಂದು ಏನೂ ಹೇಳಿಕಳಿಸಲಿಲ್ಲ. ಪಾರ್ಸಲ್‌ಗೆ ದಾರ ಕಟ್ಟುವಾಗ ಗಂಟು ಸಡಿಲವಾಯಿತೆಂದು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಕಟ್ಟಿದಳು, ಅಷ್ಟೇ.

ಗೆದ್ದು ಬಾ.

ಗೋವರ್ಧನ


ಉಮೆಯೊ
೧೯ ಜೂನ್ ೨೦೨೪

ಅಣ್ಣಾ, ಅತ್ತಿಗೆ,

ಗೆದ್ದೆ!

ಮೂರು ದಿನವೂ ಮಳೆ. ಒಂದು ಗಳಿಗೆಯೂ ಬಿಡಲಿಲ್ಲ. ಬಿಡದಿದ್ದದ್ದೇ ಒಳ್ಳೆಯದಾಯಿತು, ಬಿಸಿಲಿದ್ದಿದ್ದರೆ ಬಿಸಿಲಿಂದ ಗೆದ್ದಳು ಎನ್ನುತ್ತಿದ್ದರು. ಕಾಡು ದಾಟಿ ಜೌಗಿಗೆ ಇಳಿದಾಗ ನೀರು ಬೂಟಿನ ಅಂಚಿಗೆ ಎರಡು ಬೆರಳು ಕೆಳಗೆ. ಸೊಳ್ಳೆಯಂತೂ ಬಾಯಿ ತೆಗೆಯಲು ಬಿಡುವುದಿಲ್ಲ, ಮುಖಕ್ಕೆ ಪರದೆ ಕಟ್ಟಿಕೊಂಡೇ ಉಂಡೆವು. ಈ ಸಲ ಡೇರೆಗೆ ಕಣ್ಣಿಂದ ಜಾಗ ಆರಿಸಲಿಲ್ಲ, ಹಿಮ್ಮಡಿಯಿಂದ ಆರಿಸಿದೆ. ಒತ್ತಿದರೆ ನೀರು ಬಂದಲ್ಲಿ ಬೇಡ. ಪೈನ್ ಮರದ ದಿಬ್ಬ, ಉದುರಿದ ಎಲೆಯ ಹಾಸು, ಗಾಳಿ ಸ್ವಲ್ಪ ಆಡುವ ಕಡೆ.

ಕಂಬಳಿ ಅಂಗಿ ಕೋಟಿನ ಕೆಳಗೆ ಮೂರು ದಿನ ಮೈಮೇಲೇ ಇತ್ತು. ಬೆವರಿತು, ನೆನೆಯಿತು, ಬೆಚ್ಚಗೇ ಇತ್ತು. ಎರಡನೇ ದಿನ ಒಂದು ತೊರೆ ದಾಟುವಾಗ ಜಾರಿ ಎದೆಯವರೆಗೆ ಬಿದ್ದೆ ಅಣ್ಣ. ಬಿದ್ದ ಕ್ಷಣ ‘ಮುಗಿಯಿತು’ ಎನ್ನಿಸಿತು. ಇಂಗ್ರಿಡ್ ಅಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು, ನಡುಗುತ್ತದೆಯೇ ಎಂದು. ಅಂಗಿ ಹಿಂಡಿದೆ, ಮತ್ತೆ ತೊಟ್ಟೆ, ನಡೆದೆ. ಪೆನ್ಸಿಲ್ ತೆಗೆದು ಅವಳೆದುರಿಗೇ ಅಳತೆ ಬರೆದೆ. ಅಕ್ಷರ ಗುಂಡಾಗಿಯೇ ಬಂತು.

ಕೊನೆಯ ಬೆಳಿಗ್ಗೆ ಅವಳು ಬಂದು ನನ್ನ ಬ್ಯಾಗು ಬಿಚ್ಚಿಸಿ, ಮಲಗುವ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದಳು. ಒಣ. ಬಟ್ಟೆ ಚೀಲ, ಒಣ. “ಆಗಸ್ಟಿಗೆ ಬಾ” ಎಂದಳು. ಅಷ್ಟೇ ಮಾತು. ನಾನು ಕೂಗಿದ ಕೂಗಿಗೆ ಮರದಿಂದ ಹಕ್ಕಿ ಎದ್ದವು.

ಅವ್ವನಿಗೆ ನೀನೇ ಹೇಳು. ನಾನು ಹೇಳಲು ಹೋದರೆ ಅಳುತ್ತೇನೆ, ಅವಳು ಫೋನು ಇಟ್ಟುಬಿಡುತ್ತಾಳೆ.

ಮಾನಸ


ಚಿತ್ರದುರ್ಗ
೧೪ ಜುಲೈ ೨೦೨೪

ಮಾನಸಾ,

ಕಾಗದ ಅಂಗಡಿಯಲ್ಲೇ ಗಟ್ಟಿಯಾಗಿ ಓದಿದೆ. ಸಾಲಿನವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಬೋಂಡ. ಪಾಲಯ್ಯನವರಿಗೆ ಹೇಳಿಕಳಿಸಿದೆ, ಅವರು “ಗಂಜಿ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಎಂದರಂತೆ.

ಅವ್ವನಿಗೆ ಊರಿಗೇ ಹೋಗಿ ಓದಿ ಹೇಳಿದೆ. ಕೇಳಿಸಿಕೊಳ್ಳುತ್ತಾ ಮರಿಗೆ ಹಾಲು ಕುಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ತೊರೆಗೆ ಬಿದ್ದ ಕಡೆ ಮಾತ್ರ “ಮತ್ತೊಂದ್ಸಲ ಓದು” ಎಂದಳು. ಕೊನೆಗೆ ಕೇಳಿದ್ದು ಇಷ್ಟೇ: “ಕುತ್ಗೆ ಹತ್ರ ಚುಚ್ಚುತ್ತೇನೋ ಕೇಳು.”

ಚುಚ್ಚುತ್ತದೆಯೇ?

ಗೋವರ್ಧನ


ಉಮೆಯೊ
೧ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಣ್ಣನಿಗೆ,

ಚುಚ್ಚುತ್ತದೆ. ಮೊದಲೆರಡು ದಿನ ಕೆರೆದುಕೊಂಡೆ, ಆಮೇಲೆ ಗೊತ್ತೇ ಆಗಲಿಲ್ಲ ಎಂದು ಹೇಳು.

ನಿನ್ನೆ ವಾಪಸ್ ಬಂದೆವು. ಹೋದ ವರ್ಷ ಎರಡೇ ದಿನಕ್ಕೆ ಮುಗಿದ ದಾರಿ ಈ ವರ್ಷ ಕೊನೆಯವರೆಗೆ ಸವೆಸಿದೆ. ಮೇಲಿನ ಕಲ್ಲು ಬೆಟ್ಟದಲ್ಲಿ ಗಾಳಿಗೆ ಡೇರೆ ಹಾರದಂತೆ ಗೂಟದ ಮೇಲೆಲ್ಲ ಕಲ್ಲು ಹೇರಿದೆವು. ಕೆಳಗಿಳಿದರೆ ಮತ್ತೆ ಜಿಟಿಜಿಟಿ. ಜೌಗಿನಲ್ಲಿ ಕೇಸರಿ ಬಣ್ಣದ ಒಂದು ಹಣ್ಣು ಸಿಗುತ್ತದೆ, ಹುಳಿಸಿಹಿ, ಬೊಗಸೆ ತುಂಬ ತಿಂದೆ.

ಹೇಳಬೇಕಾದದ್ದು ಬೇರೆ. ಕೊನೆಯ ಜೌಗು ಎಲ್ಲಕ್ಕಿಂತ ದೊಡ್ಡದು, ಅದರ ನಡುವಿನ ಅಳತೆ ಇಲ್ಲದಿದ್ದರೆ ನನ್ನ ಅಧ್ಯಯನವೇ ಪೂರ್ತಿಯಾಗದು. ಅಲ್ಲಿಗೆ ತಲುಪಿದ ಬೆಳಿಗ್ಗೆ ಮಂಜು ಮುಸುಕಿತ್ತು, ಹತ್ತು ಮಾರು ಆಚೆ ಏನೂ ಕಾಣದು. ಬೇರೆ ಕಡೆಯಂತೆ ಅಲ್ಲಿ ನಡೆಯಲು ಹಲಗೆ ಹಾಸಿಲ್ಲ. ಮುಂದೆ ಹೋಗುತ್ತಿದ್ದ ಇಂಗ್ರಿಡ್ ಎರಡು ಸಲ ತೊಡೆಯವರೆಗೆ ಹೂತುಹೋದಳು. ಎಳೆದು ಮೇಲೆತ್ತಿದೆವು. ವಾಪಸ್ ಹೋಗೋಣವೇ ಎಂಬ ಮಾತು ಬಂತು.

“ನಾನು ಮುಂದೆ ಹೋಗ್ತೀನಿ” ಎಂದೆ. ಎಲ್ಲರಿಗಿಂತ ಹಗುರ ನಾನೇ, ಎಲ್ಲರಿಗಿಂತ ಕುಳ್ಳಿಯೂ ನಾನೇ. ಇಂಗ್ರಿಡ್ ನನ್ನ ಮುಖ ನೋಡಿದಳು, ಹೋದ ವರ್ಷ ನೋಡಿದ ಹಾಗೆಯೇ. ಆಮೇಲೆ ತನ್ನ ಕೋಲು ನನ್ನ ಕೈಗೆ ಕೊಟ್ಟು ಬದಿಗೆ ಸರಿದಳು.

ಕೋಲು ಊರಿ, ಒತ್ತಿ, ಹುಲ್ಲಿನ ದಿಂಡು ಎಲ್ಲಿ ಗಟ್ಟಿ ಎಂದು ನೋಡಿ ಕಾಲಿಟ್ಟೆ. ನನ್ನ ಹೆಜ್ಜೆಯ ಮೇಲೆ ಇಂಗ್ರಿಡ್, ಅವಳ ಹಿಂದೆ ಉಳಿದವರು, ಒಬ್ಬರ ಹಿಂದೊಬ್ಬರು. ನನ್ನನ್ನು ಹೋದ ವರ್ಷ ರಸ್ತೆಗೆ ತಂದು ಬಿಟ್ಟಿದ್ದ ಹುಡುಗನೂ ಅದೇ ಸಾಲಿನಲ್ಲಿದ್ದ. ಯಾರೂ ಹೂತುಹೋಗಲಿಲ್ಲ. ಮಧ್ಯಾಹ್ನಕ್ಕೆ ನಡುವಿಗೆ ತಲುಪಿದೆವು. ಮಣ್ಣು ತೆಗೆಯುವ ಕೊಳವೆ ಇಳಿಸಿದವಳು ನಾನು, ತೆಗೆದವಳು ನಾನು, ಸೀಸೆಯ ಮೇಲೆ ಬರೆದ ಹೆಸರು ನನ್ನದು. ಆ ಹುಡುಗ ಬಂದು “ಚೆನ್ನಾಗಿ ಮಾಡಿದೆ” ಎಂದು ನನ್ನ ಭುಜ ತಟ್ಟಿದ. ಅವನಿಗೂ ಮಾತು ಬರುತ್ತದೆ ಎಂದು ಅವತ್ತೇ ಗೊತ್ತಾದದ್ದು.

ಎಷ್ಟು ಸಂತೋಷವಾಯಿತು ಎಂದು ಬರೆಯಲು ಬರುವುದಿಲ್ಲ ಅಣ್ಣ. ಅವ್ವ ನೋಡಬೇಕಿತ್ತು. ಅದೊಂದೇ ಕೊರತೆ.

ಮಾನಸ


ಜವನಗೊಂಡನಹಳ್ಳಿ
೨೨ ಸೆಪ್ಟೆಂಬರ್ ೨೦೨೪

ಮಾನಸಾ,

ಬರೆಯುವ ಕೈ ನನ್ನದು, ಮಾತು ಅವ್ವನದು. ಒಂದಕ್ಷರ ತಿದ್ದಿದರೂ ಕೈ ಮುರಿಯುತ್ತೇನೆ ಎಂದು ಪಕ್ಕದಲ್ಲೇ ಕೂತಿದ್ದಾಳೆ. ಹೇಳಿದ್ದು ಹೇಳಿದಂತೆ ಬರೆಯುತ್ತಿದ್ದೇನೆ. — ಗೋವರ್ಧನ

ಮಾನಸಾ, ನಾನು ನಿಮ್ಮವ್ವ. ನಿನ್ ಕಾಗ್ದ ಗೋವರ್ಧನ ಓದ್ದ. ಎರಡ್ಸಲ ಓದಿಸ್ದೆ. ಚುಚ್ಚಿದ್ರೆ ಒಳಗೊಂದು ಬಟ್ಟೆ ಹಾಕ್ಕ, ಕೆರಕಂಡು ಗಾಯ ಮಾಡ್ಕಬ್ಯಾಡ.

ನಿನ್ ಮ್ಯಾಲೆ ನಂಗೆ ಸಿಟ್ಟಿತ್ತು. ಇಲ್ಲ ಅನ್ನಲ್ಲ. ಚಳಿ ಮಳೇಲಿ ಬಯಲಾಗ ಮಲಗೋದು ಏನು ಅಂತ ನಂಗೊತ್ತು, ಅದ್ಕೇ ಸಿಟ್ಟು. ಭಯ ಅಂತ ಹೇಳಾಕೆ ಬಾರ್ದೆ ಸಿಟ್ಟು ಮಾಡ್ಕಂಡೆ. ಆ ಇಂಗ್ರೀಡಮ್ಮಗೆ ಬೈದೆ, ಅದ್ನ ಅವಳಿಗೆ ಹೇಳ್ಬ್ಯಾಡ. ಕೆಸರಾಗ ಹೂತು ಹೋದ್ಲಂತೆ ಪಾಪ. ಚೆನ್ನಾಗಿ ನೋಡ್ಕ ಅವಳ್ನ.

ನಾನು ಬಯಲಾಗ ಮಲಗಿದ್ದು ಗತಿ ಇಲ್ದೆ. ಇಬ್ರು ಮಕ್ಳು, ಗಂಡ ಇಲ್ಲ, ಕುರಿ ಹಿಂದೆ ಹೋಗ್ದೆ ಇನ್ನೆಲ್ಲಿ ಹೋಗ್ಲಿ. ನೀನು ಹೋಗಿದ್ದು ನಿಂಗೆ ಬೇಕಾಗಿ. ಎರಡೂ ಒಂದೇ ಅಂತ ತಿಳ್ಕಂಡಿದ್ದೆ. ಒಂದೇ ಅಲ್ಲ. ಇದು ನಂಗೆ ತಿಳಿಯಾಕೆ ಇಷ್ಟು ದಿನ ಆತು.

ನಿನ್ನೆ ಕುರಿ ಕರ್ಕಂಡು ಬರೋವಾಗ ದಾರ್ಯಾಗ ನಿಂತು ಹಿಂದ್ಕೆ ತಿರುಗಿ ನೋಡ್ದೆ, ನಿನ್ ಕಾಗ್ದ ನೆಪ್ಪಾತು. ದೊಡ್ ದೊಡ್ಡ ಓದ್ದೋರು, ಆಳೆತ್ತರದ ಜನ, ನೀನು ಕಾಲಿಟ್ಟಲ್ಲೇ ಕಾಲಿಟ್ಕಂಡು ನಿನ್ ಹಿಂದೆ ಬಂದ್ರಲ್ಲವ್ವ. ಜಲ್ಮ ಪೂರ್ತಿ ನಡೆದೀನಿ ನಾನು. ನನ್ ಹಿಂದೆ ಕುರಿ ಬಿಟ್ರೆ ಯಾರೂ ನಡೆದಿರ್ಲಿಲ್ಲ ಕಣೇ.

ಫೋನ್ ಮಾಡು. ಮಾತಾಡ್ತೀನಿ.

ನಿಮ್ಮವ್ವ,
ಚಿತ್ತಮ್ಮ